ಟೇಬಲ್ ಮೇಲಿನ ಕಾಡಿಗೆ ಯಾವ ಪ್ಲಾಸ್ಟಿಕ್ ಗಿಡ?

ಎರಡನೇ ಮಹಾಯುದ್ಧದ 1944ರ ಬರ್ಮಾ ಕಾಳಗವನ್ನು ಟೇಬಲ್ ಮೇಲೆ 28 ಮಿ.ಮೀ. ಮಿನಿಯೇಚರ್‌ಗಳಲ್ಲಿ, ಅಂದರೆ ಪುಟ್ಟ ಸೈನಿಕ ಬೊಂಬೆಗಳಲ್ಲಿ, ಆಡಬೇಕೆಂದರೆ ಕಾಡು ಬೇಕೇ ಬೇಕು. ರೆಡಿಮೇಡ್ ಮರಗಳಿಂದಲೇ ಟೇಬಲ್ ತುಂಬಿಸಲು ಹೋದರೆ ದುಡ್ಡು ಸಾಲದು. ಅದಕ್ಕೇ ಅಗ್ಗದ ಮೂರು ಬಗೆ ತಂದು ಕಟ್ಟಿ ನೋಡಿದೆ: ಅಕ್ವೇರಿಯಂ ಗಿಡ, ಗೋಡೆಗೆ ಹಾಕುವ ಹಸಿರು ಮ್ಯಾಟ್, ಬಟ್ಟೆ ಎಲೆಯ ಗೊಂಚಲು.

ನೋಟಕ್ಕೆ ಅಕ್ವೇರಿಯಂ ಗಿಡವೇ ಮೇಲು. ಈ ಅಳತೆಯಲ್ಲಿ ಸೈನಿಕ ಸುಮಾರು 3 ಸೆಂ.ಮೀ. ಎತ್ತರ. ಪಕ್ಕದಲ್ಲಿ 8 ಸೆಂ.ಮೀ. ಗಿಡ ನೆಟ್ಟರೆ ನಾಲ್ಕೂವರೆ ಮೀಟರ್ ಎತ್ತರದ ಕಾಡುಗಿಡವೇ ಆಯಿತು. ತೊಂದರೆ ಇರುವುದು ಆ ನುಣುಪು ಪ್ಲಾಸ್ಟಿಕ್‌ನಲ್ಲಿ. ಬಿಳಿ ಗೋಂದು ಹಿಡಿಯುವುದಿಲ್ಲ, ಸೂಪರ್ ಗ್ಲೂ ಕೂಡ ತಟ್ಟಿದರೆ ಬಿಟ್ಟುಕೊಳ್ಳುತ್ತದೆ. ಎಲೆ ಬಾಗಿದಾಗ ಪೇಂಟ್ ಸಿಪ್ಪೆಯಂತೆ ಏಳುತ್ತದೆ. ಸೋಪು ನೀರಲ್ಲಿ ತೊಳೆದರೆ ಸ್ವಲ್ಪ ಸುಧಾರಿಸುತ್ತದೆ, ಅಷ್ಟೇ. ಗಿಡ ನಿಲ್ಲಿಸುವ ತಳಕ್ಕೆ (ಬೇಸ್) ತೂತು ಕೊರೆದು, ಕಾಂಡ ತೂರಿಸಿ, ಬುಡಕ್ಕೆ ಎಂ-ಸೀಲ್ ಮೆತ್ತಿದರೆ ಮಾತ್ರ ಅಲ್ಲಾಡದೆ ನಿಲ್ಲುತ್ತದೆ.

ಮ್ಯಾಟ್ ಕೂಡ ಅಂಥದ್ದೇ ಪ್ಲಾಸ್ಟಿಕ್. ಆದರೂ ನನಗೆ ಜಾಸ್ತಿ ಇಷ್ಟವಾದದ್ದು ಇದೇ. ಜಾಲರಿಯಿಂದ ಒಂದೊಂದೇ ಕುಡಿ ಕಿತ್ತುಕೊಳ್ಳಬಹುದು. ಒಂದೇ ಮ್ಯಾಟಿನಿಂದ ಎಷ್ಟೊಂದು ಪೊದೆ! ಎಲೆ ಚಿಕ್ಕದು, ಹಾಗಾಗಿ ಸೈನಿಕನ ಮೊಣಕಾಲಿನವರೆಗಿನ ಕುರುಚಲು ಕಾಡಿಗೆ ಹೇಳಿ ಮಾಡಿಸಿದಂತಿದೆ. ಕುಡಿಗಳೆಲ್ಲ ಒಂದೇ ಎತ್ತರ ಇರುತ್ತವೆ, ಕತ್ತರಿಯಿಂದ ಏರುಪೇರು ಮಾಡಲೇಬೇಕು. ಇಲ್ಲದಿದ್ದರೆ ಪಾರ್ಕಿನ ಬೇಲಿಯ ಹಾಗೆ ಕಾಣುತ್ತದೆ.

ಬಟ್ಟೆ ಎಲೆಗೆ ಅಕ್ರಿಲಿಕ್ ಬಣ್ಣ ಚೆನ್ನಾಗಿ ಹಿಡಿಯುತ್ತದೆ. ಆದರೆ ಎಲೆ ದೊಡ್ಡದು, ಅಂಚಿನಲ್ಲಿ ನೂಲು ಬಿಡುತ್ತದೆ. ಉದ್ದಕ್ಕೆ ಕತ್ತರಿಸಿ ನಡುವೆ ಮಡಚಿ ಬಾಳೆ ಎಲೆ ಮಾಡಿಕೊಂಡೆ, ಉಳಿದದ್ದಕ್ಕೆ ಬಳಸಲಿಲ್ಲ.

ಆಟದ ದೃಷ್ಟಿಯಿಂದ ಇನ್ನೊಂದು ಮಾತು. ಗಿಡ ಎಷ್ಟೇ ಚೆಂದ ಇರಲಿ, ನಡುವೆ 25 ಮಿ.ಮೀ. ಅಗಲದ ತಳವಿರುವ ಮಿನಿಯೇಚರ್ ನಿಲ್ಲಬೇಕು, ಅಲ್ವಾ? ತಳವಾಗಿ ಇಟ್ಟ ಹಳೇ ಸಿಡಿಯ ಅಂಚಿನ ಸುತ್ತ ಮ್ಯಾಟಿನ ಕುಡಿ, ಒಂದು ಪಕ್ಕಕ್ಕೆ ಎತ್ತರದ ಅಕ್ವೇರಿಯಂ ಗಿಡ, ನಡುವೆ ಖಾಲಿ ಜಾಗ. ನನಗೆ ಇದೇ ಜೋಡಣೆ ಸರಿಹೋಯಿತು. ಒಂದನ್ನೇ ಕೊಳ್ಳುವಷ್ಟು ದುಡ್ಡಿದ್ದರೆ ಮ್ಯಾಟ್ ತನ್ನಿ.

ಬರ್ಮಾಕ್ಕೆ ಬೇಕಾದ ಬಿದಿರಿಗೆ ಮಾತ್ರ ಈ ಮೂರೂ ಆಗಲಿಲ್ಲ. ಅದಕ್ಕೆ ತೆಂಗಿನ ಪೊರಕೆಯ ಕಡ್ಡಿ ಕತ್ತರಿಸಿ, ಗೆಣ್ಣಿನ ಜಾಗದಲ್ಲಿ ಗೋಂದಿನ ಹನಿ ಇಟ್ಟು, ಒಣಗಿದ ಮೇಲೆ ಹಸಿರು ಬಳಿದೆ.