ಫ್ಯಾನಿನ ಗುಂಯ್ ಸದ್ದು: ಮೂರು ರೆಗ್ಯುಲೇಟರ್, ಒಂದು ಬಿಎಲ್‌ಡಿಸಿ

ಏಪ್ರಿಲ್ ಬಂತೆಂದರೆ ದಾವಣಗೆರೆಯಲ್ಲಿ ಫ್ಯಾನ್ ಇಲ್ಲದೆ ನಿದ್ದೆ ಇಲ್ಲ. ನಮ್ಮ ಮನೆಯಲ್ಲಿ ಫ್ಯಾನ್ ಇದ್ದರೂ ಇರಲಿಲ್ಲ. ಅಮ್ಮನ ಕೋಣೆಯಲ್ಲಿ ಸ್ಪೀಡ್ ಅರ್ಧಕ್ಕೆ ಇಳಿಸಿದರೆ ಸಾಕು, ದುಂಬಿ ಹೊಕ್ಕ ಹಾಗೆ ಗುಂಯ್. ಪೂರ್ತಿ ಇಟ್ಟರೆ ಸದ್ದು ಕಡಿಮೆ, ಆದರೆ ಬೆಳಗಿನ ಜಾವ ಅವರಿಗೆ ಚಳಿ.

ರಿಪೇರಿಯವರು ಬೇರಿಂಗ್ ಹೋಗಿದೆ ಅಂದರು. ಹಾಕಿಸಿದೆ. ಗುಂಯ್ ಹಾಗೇ ಇತ್ತು. ಸುಮ್ನೆ ದುಡ್ಡು ಹೋಯಿತು. ಇದನ್ನು ಮನೆಯಲ್ಲೇ ಪರೀಕ್ಷೆ ಮಾಡಬಹುದಿತ್ತು. ಫ್ಯಾನ್ ತಿರುಗುವಾಗ ಸ್ವಿಚ್ ಆಫ್ ಮಾಡಿ. ರೆಕ್ಕೆ ತಿರುಗುತ್ತಿದ್ದರೂ ಸದ್ದು ತಟ್ಟನೆ ನಿಂತರೆ ಅದು ಕರೆಂಟಿನದು. ಬೇರಿಂಗಿನದಾದರೆ ರೆಕ್ಕೆ ನಿಲ್ಲುವವರೆಗೂ ಕೇಳುತ್ತದೆ.

ನಮ್ಮ ಕರೆಂಟು ಸೆಕೆಂಡಿಗೆ 50 ಸಲ ದಿಕ್ಕು ಬದಲಿಸಿ ಮತ್ತೆ ಮೊದಲಿನಂತಾಗುತ್ತದೆ. ಆ ಒಂದೊಂದು ಸುತ್ತಿನಲ್ಲೂ ಮೋಟಾರಿನೊಳಗಿನ ಆಯಸ್ಕಾಂತದ ಸೆಳೆತ ಎರಡು ಸಲ ಬಿಗಿಯಾಗಿ ಸಡಿಲವಾಗುತ್ತದೆ. ಅಂದರೆ ಒಳಗಿನ ತಗಡುಗಳು ಸೆಕೆಂಡಿಗೆ 100 ಸಲ ನಡುಗುತ್ತವೆ. ಕರೆಂಟಿನ ಅಲೆ ನುಣುಪಾಗಿದ್ದರೆ ಇದು ಕಿವಿಗೆ ಬೀಳುವುದೇ ಕಷ್ಟ. ನಮ್ಮ ಗೋಡೆಯಲ್ಲಿದ್ದ, ಗುಂಡಿ ತಿರುಗಿಸುವ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಅಲೆಯನ್ನೇ ಅರ್ಧಕ್ಕೆ ಕತ್ತರಿಸಿ ಕೊಡುತ್ತದೆ. ಹಾಗೆ ಬಂದ ಕರೆಂಟು ಮೋಟಾರಿಗೆ ಏಟಿನ ಮೇಲೆ ಏಟು ಕೊಟ್ಟ ಹಾಗೆ. ಹಿಂದೆ ಅಪ್ಪ ಭದ್ರಾವತಿ ಆಕಾಶವಾಣಿ ಹಾಕಿದಾಗ ರೇಡಿಯೋ ಗರಗರ ಅನ್ನುತ್ತಿದ್ದದ್ದೂ ಇದರಿಂದಲೇ.

ಅಟ್ಟದಲ್ಲಿ ಹಳೇ ಡಬ್ಬಾ ರೆಗ್ಯುಲೇಟರ್ ಸಿಕ್ಕಿತು. ಒಳಗೆ ಬರೀ ತಂತಿಯ ಸುರುಳಿ. ಅದೇ ಫ್ಯಾನಿಗೆ ಹಾಕಿದರೆ ಸದ್ದೇ ಇಲ್ಲ! ಆದರೆ ಗಂಟೆ ಕಳೆಯುವುದರೊಳಗೆ ಡಬ್ಬ ಬಿಸಿ ಬಿಸಿ. ಉಳಿಸಬೇಕಾದ ಕರೆಂಟು ಗೋಡೆ ಕಾಯಿಸುತ್ತಿತ್ತು. ತೆಗೆದುಬಿಟ್ಟೆ.

ಆಮೇಲೆ ತಂದದ್ದು ಕೆಪಾಸಿಟರ್ ಇರುವ ಸ್ಟೆಪ್ ರೆಗ್ಯುಲೇಟರ್, 280 ರೂಪಾಯಿ. ಟಕ್ ಟಕ್ ಅಂತ ಐದು ಹಂತ. ಇದು ವೋಲ್ಟೇಜ್ ಇಳಿಸುತ್ತದೆ, ಅಲೆಯನ್ನು ಕತ್ತರಿಸುವುದಿಲ್ಲ. ಎರಡರಲ್ಲಿಟ್ಟರೂ ಗುಂಯ್ ಇಲ್ಲ, ಬಿಸಿಯೂ ಇಲ್ಲ. ಎರಡಕ್ಕೂ ಮೂರಕ್ಕೂ ನಡುವಿನ ಸ್ಪೀಡ್ ಸಿಗುವುದಿಲ್ಲ, ಅಷ್ಟೇ.

ಹಾಲಿಗೆ ಬಿಎಲ್‌ಡಿಸಿ, ಅಂದರೆ ಬ್ರಶ್ ಇಲ್ಲದ ಡಿಸಿ ಮೋಟಾರಿನ ಫ್ಯಾನ್ ಹಾಕಿಸಿದೆ. ಹಳೇದು 75 ವ್ಯಾಟ್ ತಿಂದರೆ ಇದು 30ರ ಆಸುಪಾಸು. ತಿರುಗುವ ಭಾಗದಲ್ಲಿ ಕಾಯಂ ಆಯಸ್ಕಾಂತ, ಸ್ಪೀಡ್ ನೋಡಿಕೊಳ್ಳಲು ಒಳಗೇ ಸರ್ಕ್ಯೂಟು. ಹಾಗಾಗಿ ಗೋಡೆಯ ರೆಗ್ಯುಲೇಟರ್ ತೆಗೆಸಲೇಬೇಕು, ಇಲ್ಲದಿದ್ದರೆ ಸರ್ಕ್ಯೂಟು ಕೆಡಬಹುದು. ಸದ್ದಿನಲ್ಲಿ ಸ್ಟೆಪ್ ರೆಗ್ಯುಲೇಟರಿಗಿಂತ ಭಾರೀ ಮೇಲೇನಲ್ಲ. ತೀರಾ ನಿಧಾನಕ್ಕೆ ಇಟ್ಟು ಕಿವಿಗೊಟ್ಟರೆ ಸಣ್ಣ ಟಿಕ್ ಟಿಕ್ ಇದೆ. ರಿಮೋಟ್ ದಿನಾ ಕಳೆದುಹೋಗುತ್ತದೆ, ಅದು ಬೇರೆ.

ಬಿಎಲ್‌ಡಿಸಿ ಗೆಲ್ಲುವುದು ಕರೆಂಟ್ ಹೋದಾಗ. ನಮ್ಮದು ಹಳೇ ಸ್ಕ್ವೇರ್ ವೇವ್ ಇನ್ವರ್ಟರ್. ಅದರ ಅಲೆ ಮೆಟ್ಟಿಲಿನಂತೆ ಜಿಗಿಯುತ್ತದೆ, ಯಾವ ರೆಗ್ಯುಲೇಟರ್ ಇದ್ದರೂ ಹಳೇ ಫ್ಯಾನು ಗುಂಯ್ ಅಂತದೆ. ಬಿಎಲ್‌ಡಿಸಿ ಮೊದಲು ಎಲ್ಲವನ್ನೂ ಡಿಸಿ (ಒಂದೇ ದಿಕ್ಕಿನ ಕರೆಂಟು) ಮಾಡಿಕೊಳ್ಳುವುದರಿಂದ ಅದಕ್ಕೆ ಇದು ತಾಗುವುದಿಲ್ಲ.

ನುಣುಪಾದ ಅಲೆ ಕೊಡುವ ಸೈನ್ ವೇವ್ ಇನ್ವರ್ಟರ್ ತಗೋಬೇಕು ನಿಜ. ಆದರೆ ಹಳೇದು ಇನ್ನೂ ಗಟ್ಟಿಯಾಗಿದೆ. ಅಲ್ಲಿಯವರೆಗೆ ರಾತ್ರಿ ಕರೆಂಟ್ ಹೋದರೆ ಅಮ್ಮ ದಿಂಬು ಹಿಡಿದು ಹಾಲಿಗೆ ಬರುತ್ತಾರೆ.