ಹೊಸ ಮ್ಯಾಕ್ ಮಿನಿಗೆ ಕಾಯೋದಾ, ಈಗಲೇ ತಗೊಳ್ಳೋದಾ? ಮೂರು ಪುಟ್ಟ ಪೆಟ್ಟಿಗೆಗಳಲ್ಲಿ ಕೆಲಸ ಮಾಡಿ ನೋಡಿದ್ದು

ಕಳೆದ ವಾರ ಸಾಗರದಿಂದ ಚಿಕ್ಕಮ್ಮನ ಮಗ ಫೋನ್ ಮಾಡಿದ್ದ. "ಅಕ್ಕಾ, ಎಂ5 ಮ್ಯಾಕ್ ಮಿನಿ ಬರುತ್ತಂತೆ. ಕಾಯ್ಲಾ, ಈಗ್ಲೇ ತಗೊಂಡ್ಬಿಡ್ಲಾ?" ಎಂದು ಕೇಳಿದ. ಮ್ಯಾಕ್ ಮಿನಿ ಅಂದರೆ ಆಪಲ್‌ನ ಪುಟ್ಟ ಪೆಟ್ಟಿಗೆಯಂಥ ಕಂಪ್ಯೂಟರ್, ಎಂ5 ಅದರೊಳಗಿನ ಚಿಪ್ಪಿನ ಹೆಸರು; ಸಂಖ್ಯೆ ಏರಿದಷ್ಟೂ ಚಿಪ್ ಹೊಸದು. ಲಗ್ನಪತ್ರಿಕೆ, ಕರಪತ್ರ, ಬ್ಯಾನರ್ ಡಿಸೈನ್ ಮಾಡುವ ಅಂಗಡಿ ಅವನದು, ಹೋದ ವರ್ಷ ತೆರೆದದ್ದು. ಒಂದೂವರೆ ವರ್ಷದ ಹಿಂದೆ ಇದೇ ಪ್ರಶ್ನೆ ನನ್ನ ತಲೆಯನ್ನೂ ತಿಂದಿತ್ತು. ಆಗ ನಾನು ನಾಲ್ಕು ತಿಂಗಳು ಕಾದೆ. ಆ ನಾಲ್ಕು ತಿಂಗಳಲ್ಲಿ ಎರಡು ಬೇರೆ ಪೆಟ್ಟಿಗೆಗಳನ್ನು ಮನೆಗೆ ತಂದು ಕೆಲಸ ಮಾಡಿ ನೋಡಿದೆ. ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ನಾನು ಶಿವಮೊಗ್ಗದಲ್ಲಿ ಮನೆಯಿಂದಲೇ ಕನ್ನಡ ಪುಸ್ತಕಗಳ ಪುಟವಿನ್ಯಾಸ ಮಾಡುತ್ತೇನೆ. ಇನ್‌ಡಿಸೈನ್, ಫೋಟೋಶಾಪ್, ಬ್ರೌಸರ್ ಮೂರೂ ಇಡೀ ದಿನ ತೆರೆದಿರುತ್ತವೆ. ನನ್ನ ಹಳೇ ಪಿಸಿ 2016ರಲ್ಲಿ ಜೋಡಿಸಿದ್ದು, ಇಂಟೆಲ್‌ನ 6ನೇ ಜನರೇಶನ್ ಐ5 ಪ್ರೊಸೆಸರ್‌ನದು. ವಿಂಡೋಸ್ 11 ಕೇಳುವುದು 8ನೇ ಜನರೇಶನ್ ಅಥವಾ ಅದರ ಮೇಲಿನದನ್ನು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರವರೆಗೆ ಮಾತ್ರ ಅಪ್‌ಡೇಟ್ ಎಂದು ಮೊದಲೇ ಹೇಳಿದ್ದರು. ಹಾಗಾಗಿ 2024ರ ಜುಲೈನಲ್ಲಿ ಹುಡುಕಲು ಶುರು ಮಾಡಿದೆ. ಟೇಬಲ್ ಚಿಕ್ಕದು, ದೊಡ್ಡ ಕ್ಯಾಬಿನೆಟ್ ಮತ್ತೆ ಬೇಡವಾಗಿತ್ತು.

ಮೊದಲು ಬಂದದ್ದು ಎಂ2 ಮ್ಯಾಕ್ ಮಿನಿ. ಗೆಳತಿಯೊಬ್ಬಳು ಹದಿನೈದು ದಿನಕ್ಕೆ ಕೊಟ್ಟಿದ್ದಳು. 2023ರ ಜನವರಿಯಲ್ಲಿ ಬಂದ ಮಾಡೆಲ್ ಅದು. 8 ಜಿಬಿ ರ‍್ಯಾಮ್ (ತೆರೆದಿರುವ ಕೆಲಸವನ್ನು ಹಿಡಿದಿಡುವ ಮೆಮೊರಿ), 256 ಜಿಬಿ ಎಸ್‌ಎಸ್‌ಡಿ (ಫೈಲುಗಳನ್ನು ಉಳಿಸುವ ಡಿಸ್ಕ್), ಆಗಿನ ಬೆಲೆ ₹59,900. ಮೊದಲ ಎರಡು ದಿನ ಖುಷಿಯೋ ಖುಷಿ. ಸದ್ದಿಲ್ಲ, ಬಿಸಿ ಇಲ್ಲ. ಮೂರನೇ ದಿನ ನಿಜವಾದ ಕೆಲಸ ಹಾಕಿದೆ: 420 ಪುಟದ ಆತ್ಮಕಥೆ, ಅದರಲ್ಲಿ ಅರವತ್ತು ಹಳೇ ಫೋಟೋಗಳು. ಫೋಟೋಶಾಪ್‌ನಿಂದ ಇನ್‌ಡಿಸೈನ್‌ಗೆ, ಅಲ್ಲಿಂದ ಬ್ರೌಸರ್‌ಗೆ ಹೋಗುವಾಗೆಲ್ಲ ಒಂದು ಕ್ಷಣ ನಿಂತು ನಿಂತು ಸಾಗುತ್ತಿತ್ತು. ಮೆಮೊರಿ ಎಷ್ಟು ತುಂಬಿದೆ ಎಂದು ತೋರಿಸುವ ಆಕ್ಟಿವಿಟಿ ಮಾನಿಟರ್ ಎಂಬ ಆ್ಯಪ್ ತೆರೆದು ನೋಡಿದರೆ ಮೆಮೊರಿ ಗೆರೆ ಹಳದಿಗೆ ಏರಿ ಅಲ್ಲೇ ಕೂತಿತ್ತು. ರ‍್ಯಾಮ್ ತುಂಬಿದಾಗ ಯಂತ್ರ ಎಸ್‌ಎಸ್‌ಡಿಯ ಒಂದು ಭಾಗವನ್ನು ರ‍್ಯಾಮ್ ಥರ ಬಳಸುತ್ತದೆ. ಆದರೆ ಈ ಮಾಡೆಲ್‌ನ 256 ಜಿಬಿಯಲ್ಲಿ ಇರುವುದು ಒಂದೇ ಮೆಮೊರಿ ಚಿಪ್. ಹಿಂದಿನ ಎಂ1 ಮಿನಿಯಲ್ಲಿ ಎರಡಿದ್ದವು. ಹಾಗಾಗಿ ಓದುವ ವೇಗ ಎಂ1ಗಿಂತ ಹತ್ತಿರ ಹತ್ತಿರ ಅರ್ಧಕ್ಕೆ ಇಳಿದಿತ್ತು. ರ‍್ಯಾಮೂ ಕಡಿಮೆ, ಅದಕ್ಕೆ ಆಸರೆಯಾಗಬೇಕಾದ ಡಿಸ್ಕೂ ನಿಧಾನ. 16 ಜಿಬಿ ಬೇಕೆಂದರೆ ಇನ್ನೂ ₹20,000 ಕೊಡಬೇಕಿತ್ತು. ಆಮೇಲೆ ಬಿಚ್ಚಿ ಹಾಕಿಸಿಕೊಳ್ಳಲು ಬರುವುದಿಲ್ಲ.

ನಾನು ಕಾಯಲು ತೀರ್ಮಾನಿಸಿದ್ದು ಆ ಹಳದಿ ಗೆರೆ ನೋಡಿ. ನನಗೆ ಏನು ಸಾಲುತ್ತಿಲ್ಲ ಎಂದು ಅವತ್ತು ಖಚಿತವಾಯಿತು: ಚಿಪ್ ಅಲ್ಲ, ರ‍್ಯಾಮ್.

ಎರಡನೆಯದು ವಿಂಡೋಸ್ ಮಿನಿ ಪಿಸಿ. ಇಂಟೆಲ್ ತನ್ನ ನಕ್ ಪೆಟ್ಟಿಗೆಗಳನ್ನು ಮಾಡುವುದನ್ನು 2023ರಲ್ಲಿ ಬಿಟ್ಟಿತು, ಈಗ ಏಸಸ್ ಮಾಡುತ್ತದೆ. ನಮ್ಮ ಜೊತೆ ಕೆಲಸ ಮಾಡುವ ಒಬ್ಬರ ನಕ್ 14 ಪ್ರೊ ಸೆಪ್ಟೆಂಬರ್‌ನಲ್ಲಿ ಒಂದು ತಿಂಗಳು ನನ್ನ ಟೇಬಲ್ ಮೇಲಿತ್ತು. ಬರೀ ಪೆಟ್ಟಿಗೆ ಕೊಂಡು, ರ‍್ಯಾಮ್, ಎಸ್‌ಎಸ್‌ಡಿ, ವಿಂಡೋಸ್ ನಾವೇ ಹಾಕಿಕೊಳ್ಳಬಹುದು. ಅವರು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ 32 ಜಿಬಿ ರ‍್ಯಾಮ್ ತಂದು, ತಳ ಬಿಚ್ಚಿ ತಾವೇ ಕೂರಿಸಿಕೊಂಡಿದ್ದರು. ಈ ಸುಖ ಮ್ಯಾಕ್‌ನಲ್ಲಿಲ್ಲ. ಅದೇ 420 ಪುಟದ ಫೈಲ್ ಇಲ್ಲಿ ಎಲ್ಲೂ ತಡವರಿಸಲಿಲ್ಲ.

ಇನ್ನೂ ದೊಡ್ಡ ಅನುಕೂಲವೆಂದರೆ ನುಡಿ, ಅಂದರೆ ವಿಂಡೋಸ್‌ನಲ್ಲಿ ಓಡುವ ಕನ್ನಡ ಬರೆಯುವ ತಂತ್ರಾಂಶ. ನಮ್ಮ ಕಡೆ ಲೇಖಕರು ಈಗಲೂ ಹಳೇ ನುಡಿ ಫೈಲುಗಳನ್ನೇ ತಂದುಕೊಡುತ್ತಾರೆ. ಅವನ್ನು ತೆರೆದು, ಯೂನಿಕೋಡ್‌ಗೆ ಬದಲಿಸಿ, ಅರ್ಕಾವತ್ತು ಜಾಗ ತಪ್ಪಿದೆಯಾ ಎಂದು ನೋಡುವ ಕೆಲಸ ವಿಂಡೋಸ್‌ನಲ್ಲೇ ಸಲೀಸು. ಪೆನ್‌ಡ್ರೈವ್ ಚುಚ್ಚಲು ಹಳೇ ಯುಎಸ್‌ಬಿ ಕಿಂಡಿ ಮುಂದೆಯೇ ಎರಡಿವೆ. ಕಷ್ಟ ಅನ್ನಿಸಿದ್ದು ಫ್ಯಾನಿನ ಸದ್ದು. ಪಿಡಿಎಫ್ ಮಾಡುವಾಗ ಏರಿದ ಸದ್ದು ಕೆಲಸ ಮುಗಿದ ಮೇಲೂ ಒಂದು ನಿಮಿಷ ಇಳಿಯುತ್ತಿರಲಿಲ್ಲ. ರಾತ್ರಿ ಹನ್ನೊಂದಕ್ಕೆ ಪಕ್ಕದ ಕೋಣೆಯಲ್ಲಿ ಮಗು ಮಲಗಿರುವಾಗ ಅದು ಚೆನ್ನಾಗಿಯೇ ಕೇಳುತ್ತದೆ. ಪೆಟ್ಟಿಗೆ ಅಂಗೈಯಗಲ ಇದ್ದರೂ ಅದರ ಅಡಾಪ್ಟರ್ ಹೊರಗೆ, ಇಟ್ಟಿಗೆ ಥರ.

ಅಕ್ಟೋಬರ್ 29ಕ್ಕೆ ಎಂ4 ಮಿನಿ ಸುದ್ದಿ ಬಂತು, ನವೆಂಬರ್ 8ಕ್ಕೆ ಮಾರಾಟ ಶುರುವಾಯಿತು. ಬೆಲೆ ಅದೇ ₹59,900, ಆದರೆ ರ‍್ಯಾಮ್ 16 ಜಿಬಿ. ನಾಲ್ಕು ತಿಂಗಳು ಕಾದದ್ದಕ್ಕೆ ₹20,000 ಉಳಿಯಿತು, ಹೊಸ ಚಿಪ್ಪೂ ಸಿಕ್ಕಿತು. ಅವತ್ತು ಮನಸ್ಸಿಗೆ ಆದ ಸಮಾಧಾನ ಈಗಲೂ ನೆನಪಿದೆ.

ಈಗ ಒಂದು ವರ್ಷದಿಂದ ಅದೇ ನನ್ನ ಯಂತ್ರ. 12.7 ಸೆಂ.ಮೀ. ಚೌಕ, 5 ಸೆಂ.ಮೀ. ಎತ್ತರ. ಅಡಾಪ್ಟರ್ ಒಳಗೇ ಇದೆ. ಸುಮ್ನೆ ಇದ್ದಾಗ 4 ವ್ಯಾಟ್ ಎಂದು ಆಪಲ್ ಹೇಳುತ್ತದೆ. ಕರೆಂಟು ಹೋದಾಗ ಆ ಮಾತು ಅನುಭವಕ್ಕೆ ಬರುತ್ತದೆ. ಹಳೇ ಪಿಸಿಗೆ ಫೈಲ್ ಸೇವ್ ಮಾಡಿ ಆಫ್ ಮಾಡುವಷ್ಟು ಹೊತ್ತು ಕೊಡುತ್ತಿದ್ದ ಯುಪಿಎಸ್ ಈಗ ಒಂದು ಅಧ್ಯಾಯ ತಿದ್ದಿ ಮುಗಿಸುವಷ್ಟು ಹೊತ್ತು ಕೊಡುತ್ತದೆ. ಆ 420 ಪುಟದ ಪುಸ್ತಕದ ಮೆಮೊರಿ ಗೆರೆ ಇಲ್ಲಿ ಹಸಿರು ಬಿಟ್ಟು ಕದಲಿಲ್ಲ. ಫ್ಯಾನ್ ಇದೆಯಂತೆ, ನನ್ನ ಕಿವಿಗೆ ಇನ್ನೂ ಬಿದ್ದಿಲ್ಲ.

ಆದರೆ ₹59,900ಕ್ಕೆ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. ನನ್ನ ಹಳೇ 22 ಇಂಚಿನ ಫುಲ್ ಎಚ್‌ಡಿ ಮಾನಿಟರ್‌ಗೆ ಜೋಡಿಸಿದ ಮೊದಲ ಸಂಜೆ ಕಣ್ಣು ಉಜ್ಜಿಕೊಂಡೆ. "ರಾಷ್ಟ್ರ" ಎಂಬ ಪದದಲ್ಲಿ ಷಕಾರದ ಕೆಳಗಿನ ಟ ಒತ್ತು, ರ ಒತ್ತು ಎರಡೂ ಸೇರಿ ಒಂದು ಬೂದು ಕಲೆಯಂತೆ ಕಂಡವು. ಅದೇ ಮಾನಿಟರ್, ಅದೇ ಫಾಂಟು, ವಿಂಡೋಸ್‌ನಲ್ಲಿ ಮಾತ್ರ ಬಿಡಿಬಿಡಿಯಾಗಿ ಕಾಣುತ್ತಿತ್ತು. ಕಾರಣ ಇದೆ. ಕಡಿಮೆ ಪಿಕ್ಸೆಲ್ಲಿನ ಪರದೆಯಲ್ಲಿ ಅಕ್ಷರದ ಅಂಚು ಚೂಪಾಗಿ ಕಾಣಲಿ ಎಂದು ಪ್ರತಿ ಪಿಕ್ಸೆಲ್ಲಿನ ಕೆಂಪು, ಹಸಿರು, ನೀಲಿ ಭಾಗಗಳನ್ನು ಬೇರೆ ಬೇರೆಯಾಗಿ ಬೆಳಗಿಸುವ ವಿಧಾನವನ್ನು ಆಪಲ್ 2018ರ ಮೊಹಾವೆ ಎಂಬ ಮ್ಯಾಕ್ ಓಎಸ್ ಆವೃತ್ತಿಯಿಂದ ಕೈಬಿಟ್ಟಿದೆ. ಇಂಗ್ಲಿಷ್‌ನಲ್ಲಿ ಕೆಲಸ ಮಾಡುವವರಿಗೆ ಇದು ಸಣ್ಣ ಕಿರಿಕಿರಿ ಇರಬಹುದು. ಒತ್ತಕ್ಷರ ತಿದ್ದಿ ಹೊಟ್ಟೆ ಹೊರೆಯುವ ನಮಗೆ ದೊಡ್ಡ ವಿಷಯ. ಎರಡು ತಿಂಗಳಲ್ಲಿ 27 ಇಂಚಿನ 4ಕೆ ಮಾನಿಟರ್ ಕೊಳ್ಳಬೇಕಾಯಿತು. ಅದರಲ್ಲಿ ಒತ್ತುಗಳು ಅಚ್ಚಿನಲ್ಲಿ ಬಂದಂತೆಯೇ ಕಾಣುತ್ತವೆ.

ಇನ್ನು ಪೆನ್‌ಡ್ರೈವ್. ಎಂ4 ಮಿನಿಯಲ್ಲಿ ಹಳೇ ಯುಎಸ್‌ಬಿ ಕಿಂಡಿ ಒಂದೂ ಇಲ್ಲ, ಎಲ್ಲ ಟೈಪ್-ಸಿ. ಹಬ್ ಕೊಂಡೆ. ಆದರೂ ಒಂದು ಸಂಜೆ ಲೇಖಕರೊಬ್ಬರು ವಿಂಡೋಸ್‌ನ ಎನ್‌ಟಿಎಫ್‌ಎಸ್ ವಿಧಾನದಲ್ಲಿ ಫಾರ್ಮ್ಯಾಟ್ ಆಗಿದ್ದ ಪೆನ್‌ಡ್ರೈವ್ ತಂದಿದ್ದರು. ಮ್ಯಾಕ್ ಅದನ್ನು ಓದಿತು, ಆದರೆ ತಿದ್ದಿದ ಫೈಲ್ ಹಾಕಲು ಬಿಡಲಿಲ್ಲ. ಪಾಪ, ತೀರ್ಥಹಳ್ಳಿಯ ಕೊನೇ ಬಸ್ ಹಿಡಿಯುವ ಅವಸರ ಅವರಿಗೆ. ಹಳೇ ಪಿಸಿ ಆನ್ ಮಾಡಿ ಹಾಕಿಕೊಟ್ಟೆ. ಆ ಪಿಸಿಯನ್ನು ನಾನು ಇನ್ನೂ ಬಿಸಾಕಿಲ್ಲ. ಇಂಟರ್‌ನೆಟ್ ತಂತಿ ಕಿತ್ತು, ನುಡಿ ಫೈಲುಗಳಿಗಷ್ಟೇ ಇಟ್ಟುಕೊಂಡಿದ್ದೇನೆ. ಮನೆಯಲ್ಲಿ ವಿಂಡೋಸ್ ಯಂತ್ರ ಬೇರೆ ಇಲ್ಲದಿದ್ದರೆ, ಕನ್ನಡ ಡಿಟಿಪಿ ಮಾಡುವವರಿಗೆ ನಾನು ನಕ್ ಥರದ್ದನ್ನೇ ಹೇಳುತ್ತಿದ್ದೆ.

ಹೇಳುತ್ತಿದ್ದೆ ಅಂದೆ, ಯಾಕಂದರೆ ಈಗ ಲೆಕ್ಕ ಬದಲಾಗಿದೆ. 2025ರ ಕೊನೆಯಲ್ಲಿ ನಕ್‌ಗೆ ಹಾಕುವ ಡಿಡಿಆರ್5 ರ‍್ಯಾಮ್ ಬೆಲೆ ಕೆಲವೇ ತಿಂಗಳಲ್ಲಿ ದುಪ್ಪಟ್ಟಿಗೂ ಮೇಲೆ ಹೋಯಿತು. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಳ್ಳುತ್ತಿವೆ. ರ‍್ಯಾಮ್ ನಾವೇ ಅಗ್ಗಕ್ಕೆ ಹಾಕಿಕೊಳ್ಳಬಹುದು ಎಂಬುದೇ ನಕ್‌ನ ದೊಡ್ಡ ಬಲ ಆಗಿತ್ತು. ಸದ್ಯಕ್ಕೆ ಆ ಬಲ ಕುಗ್ಗಿದೆ.

ಹಾಗಾದರೆ ಎಂ5ಗೆ ಕಾಯಬೇಕಾ? 2025ರ ಅಕ್ಟೋಬರ್‌ನಲ್ಲಿ 14 ಇಂಚಿನ ಮ್ಯಾಕ್‌ಬುಕ್ ಪ್ರೊಗೆ ಎಂ5 ಬಂದಿದೆ. ಎಂ4ರ ಹಾಗೇ 10 ಕೋರ್, ಅಂದರೆ ಲೆಕ್ಕ ಮಾಡುವ ಹತ್ತು ಘಟಕಗಳು. ಮೆಮೊರಿ ವೇಗ ಸೆಕೆಂಡಿಗೆ 120 ಜಿಬಿಯಿಂದ 153ಕ್ಕೆ ಏರಿದೆ. ಎಐ ಮಾಡೆಲ್‌ಗಳನ್ನು ಮನೆಯಲ್ಲೇ ಓಡಿಸುವವರಿಗೆ ಇದು ಬೇಕು. ಪುಟ ಜೋಡಿಸುವವರಿಗೆ ಅಷ್ಟೇನೂ ಬೇಡ. ಮಿನಿಯ ಹಳೇ ಕಥೆ ನೋಡಿ: 2014ರ ನಂತರ ಮುಂದಿನದು ಬಂದದ್ದು 2018ಕ್ಕೆ. ಆಮೇಲೆ 2020, 2023, 2024. ಎಂ3 ಮಿನಿಗೆ ಕಾದವರಿಗೆ ಎಂ3 ಬರಲೇ ಇಲ್ಲ. 2012ರದ್ದು ಬಿಟ್ಟು ಹೊಸದಕ್ಕೆ ಕಾದವರಿಗೆ 2014ರಲ್ಲಿ ಸಿಕ್ಕಿದ್ದು ನಾಲ್ಕು ಕೋರ್ ಇಲ್ಲದ, ರ‍್ಯಾಮ್ ಬೆಸುಗೆ ಹಾಕಿದ ಯಂತ್ರ. ಕಾದರೆ ಒಳ್ಳೆಯದೇ ಬರುತ್ತದೆ ಅಂತಿಲ್ಲ. ನಾನು ಕಾದದ್ದು ಫಲಿಸಿತು, ಯಾಕೆಂದರೆ ನನಗೆ ಬೇಕಾದದ್ದು ಒಂದೇ ಆಗಿತ್ತು ಮತ್ತು ಹಳೇ ಪಿಸಿ ಅಲ್ಲಿಯವರೆಗೆ ಅನ್ನ ಹಾಕುತ್ತಿತ್ತು.

ಅದಕ್ಕೇ ತಮ್ಮನಿಗೆ ನಾನು ತಿರುಗಿ ಕೇಳಿದ್ದು, "ಈಗಿರೋ ಲ್ಯಾಪ್‌ಟಾಪಲ್ಲಿ ಕೆಲಸ ನಡೀತಿದೆಯೇನೋ?" ಎಂದು. "ಎಲ್ಲಿ ಅಕ್ಕಾ, ಮೊನ್ನೆ ಹತ್ತಡಿ ಬ್ಯಾನರ್ ತೆರೆದಾಗ ಎರಡು ಸಲ ಹ್ಯಾಂಗ್ ಆಯ್ತು. ಗಿರಾಕಿ ಎದುರಿಗೇ ಕೂತಿದ್ರು" ಅಂದ. ಮುಂದೆ ಮದುವೆ ಸೀಸನ್. ಎಂ4 ತಗೋ, 16 ಜಿಬಿ ಸಾಕು, 256 ತುಂಬಿದರೆ ಹೊರಗಿನ ಎಸ್‌ಎಸ್‌ಡಿ ಹಾಕು, ಉಳಿದ ದುಡ್ಡನ್ನು ಮಾನಿಟರ್‌ಗೆ ಇಡು ಅಂದೆ. ಲ್ಯಾಪ್‌ಟಾಪ್ ಮಾರಬೇಡ, ನುಡಿಗೆ ಬೇಕಾಗುತ್ತದೆ ಅಂತಲೂ ಹೇಳಿದೆ. ಭಾನುವಾರ ಬರುತ್ತಾನೆ. ತನ್ನ ಬ್ಯಾನರ್ ಫೈಲ್ ತಂದು ನನ್ನ ಮಿನಿಯಲ್ಲಿ ಒಮ್ಮೆ ತೆರೆದು ನೋಡು, ಆಮೇಲೆ ಅಂಗಡಿಗೆ ಹೋಗೋಣ ಅಂತ ಒಪ್ಪಿಸಿದ್ದೇನೆ.