ಮೂಗು ಕಟ್ಟಿದಾಗ ಹಬೆಯೋ, ಉಪ್ಪುನೀರೋ, ಸ್ಪ್ರೇಯೋ?

ಮೊದಲೇ ಹೇಳಿಬಿಡುತ್ತೇನೆ, ಈ ಮೂರರಲ್ಲಿ ಯಾವುದೂ ನೆಗಡಿಯನ್ನು ವಾಸಿ ಮಾಡುವುದಿಲ್ಲ. ಅದು ವೈರಸ್ಸಿನ ಕಾಟ. ಸಾಮಾನ್ಯವಾಗಿ ವಾರ, ಹತ್ತು ದಿನದಲ್ಲಿ ತಾನಾಗಿಯೇ ಹೋಗುತ್ತದೆ. ಅಲ್ಲಿಯವರೆಗೆ ಉಸಿರಾಡಬೇಕು, ನಿದ್ದೆ ಮಾಡಬೇಕು, ಅಲ್ವಾ? ಮೂರನ್ನೂ ನಾನು ಬಳಸಿ ನೋಡಿದ್ದು ಅದಕ್ಕಾಗಿಯೇ.

ನಮ್ಮನೆಯಲ್ಲಿ ಎಲ್ಲರಿಗೂ ಮೊದಲು ನೆನಪಾಗುವುದು ಹಬೆ. ಪಾತ್ರೆಯಲ್ಲಿ ಕುದಿಯುವ ನೀರು, ತಲೆ ಮೇಲೆ ಟವೆಲ್. ಹತ್ತು ನಿಮಿಷ ಸ್ವರ್ಗ, ಮೂಗು ಸಲೀಸು. ಆದರೆ ಎದ್ದು ಸ್ವಲ್ಪ ಹೊತ್ತಿಗೆ ಮತ್ತೆ ಕಟ್ಟುತ್ತದೆ. ವಿಕ್ಸ್ ಹಾಕಿದರೆ ಇನ್ನೂ ಚೆನ್ನಾಗಿ ಬಿಟ್ಟ ಹಾಗೆ ಅನ್ನಿಸುತ್ತದೆ. ಅದು ಮೆಂಥಾಲ್ ಕೊಡುವ ತಂಪಿನ ಅನುಭವ ಅಷ್ಟೇ, ಮೂಗಿನ ಊತ ಇದ್ದಷ್ಟೇ ಇರುತ್ತದೆ. ಮಕ್ಕಳಿರುವ ಮನೆಯಲ್ಲಂತೂ ಬಿಸಿನೀರಿನ ಪಾತ್ರೆ ಬೇಡವೇ ಬೇಡ. ಒಮ್ಮೆ ಮಗುಚಿದರೆ ಸುಟ್ಟ ಗಾಯ ನೆಗಡಿಗಿಂತ ಎಷ್ಟೋ ದೊಡ್ಡದು.

ನನ್ನ ಮತ ಉಪ್ಪುನೀರಿಗೆ. ಯೋಗದವರು ಇದನ್ನೇ ಜಲನೇತಿ ಅನ್ನುತ್ತಾರೆ. ಕೆನ್ನೆ, ಹಣೆ, ಕಣ್ಣುಗಳ ನಡುವಿನ ಮೂಳೆಯೊಳಗೆ ಗಾಳಿ ತುಂಬಿದ ಪೊಳ್ಳು ಜಾಗಗಳಿವೆ, ಅವೇ ಸೈನಸ್. ಸಣ್ಣ ಕಿಂಡಿಗಳಿಂದ ಅವು ಮೂಗಿಗೆ ಸೇರುತ್ತವೆ. ಒಳಪೊರೆ ಊದಿ ಕಿಂಡಿ ಮುಚ್ಚಿಕೊಂಡರೆ ಸಿಂಬಳ ಒಳಗೇ ನಿಲ್ಲುತ್ತದೆ, ಬಗ್ಗಿದರೆ ಮುಖವೆಲ್ಲ ಭಾರ. ಉಪ್ಪುನೀರು ಮೂಗಿನಲ್ಲಿ ಅಂಟಿದ ಗಟ್ಟಿ ಸಿಂಬಳವನ್ನು ತೊಳೆದು ಹಾಕುತ್ತದೆ. ನನಗೆ ಹಬೆಗಿಂತ ಜಾಸ್ತಿ ಹೊತ್ತು ಆರಾಮ ಸಿಕ್ಕಿದ್ದು ಇದರಿಂದಲೇ.

ಕಾಲು ಲೀಟರ್ ನೀರಿಗೆ ಅರ್ಧ ಟೀ ಚಮಚಕ್ಕಿಂತ ಸ್ವಲ್ಪ ಕಡಿಮೆ ಉಪ್ಪು. ಬರೀ ನೀರು ಹಾಕಿದರೆ ಮೂಗು ಉರಿಯುತ್ತದೆ. ಸಿಂಕಿನ ಮೇಲೆ ಬಗ್ಗಿ, ತಲೆ ಒಂದು ಪಕ್ಕಕ್ಕೆ ವಾಲಿಸಿ, ಬಾಯಿಂದ ಉಸಿರಾಡುತ್ತಾ ಮೇಲಿನ ಹೊಳ್ಳೆಗೆ ನೀರು ಬಿಡಬೇಕು. ಅದು ಕೆಳಗಿನ ಹೊಳ್ಳೆಯಿಂದ ಇಳಿಯುತ್ತದೆ, ಜೊತೆಗೆ ದಾರದಂಥ ಸಿಂಬಳವೂ. ಆಮೇಲೆ ಮೂಗಿನಿಂದ ಮೆಲ್ಲಗೆ ಗಾಳಿ ಊದಿ ಸಿಂಬಳ ಹೊರಹಾಕಿ, ಜೋರಾಗಿ ಬೇಡ.

ನೀರಿನ ವಿಷಯದಲ್ಲಿ ಮಾತ್ರ ರಾಜಿಯೇ ಇಲ್ಲ. ನಲ್ಲಿ ನೀರು, ಬಾವಿ ನೀರು ನೇರವಾಗಿ ಮೂಗಿಗೆ ಹೋಗಕೂಡದು. ಮಿದುಳು ತಿನ್ನುವ ಅಮೀಬಾ ಅಂತ ಕೇರಳದಿಂದ ಸುದ್ದಿ ಬರುತ್ತಿರುತ್ತದಲ್ಲ, ನೆಗ್ಲೇರಿಯಾ, ಅದು ಒಳಗೆ ಹೋಗುವುದು ಮೂಗಿನಿಂದಲೇ. ಕನಿಷ್ಠ ಒಂದು ನಿಮಿಷ ಚೆನ್ನಾಗಿ ಕುದಿಸಿ, ಉಗುರು ಬೆಚ್ಚಗಾಗುವವರೆಗೆ ಆರಿಸಿದ ನೀರೇ ಆಗಬೇಕು. ಪಾತ್ರೆಯನ್ನೂ ಪ್ರತಿ ಸಲ ತೊಳೆದು ಒಣಗಿಸಿ.

ಇನ್ನು ಮೆಡಿಕಲ್ ಶಾಪಿನ ಸ್ಪ್ರೇ. ಆಕ್ಸಿಮೆಟಾಜೋಲಿನ್, ಕ್ಸೈಲೋಮೆಟಾಜೋಲಿನ್ ಇರುವಂಥವು. ವೇಗದಲ್ಲಿ ಇದನ್ನು ಮೀರಿಸುವುದು ಇಲ್ಲ, ಕೆಲವೇ ನಿಮಿಷದಲ್ಲಿ ಮೂಗು ಬಿಡುತ್ತದೆ. ಮಲಗಲೇ ಆಗದ ರಾತ್ರಿಗೆ ಸರಿ. ಆದರೆ ಮೂರು ದಿನ ದಾಟಿಸಬೇಡಿ. ಜಾಸ್ತಿ ದಿನ ಹಾಕಿದರೆ ಔಷಧಿ ಇಳಿದ ಕೂಡಲೇ ಮೂಗು ಮೊದಲಿಗಿಂತ ಬಿಗಿಯಾಗಿ ಕಟ್ಟುತ್ತದೆ, ಮತ್ತೆ ಸ್ಪ್ರೇ ಬೇಕೆನಿಸುತ್ತದೆ. ಬಿಪಿ ಇರುವವರು ಡಾಕ್ಟರನ್ನು ಕೇಳಿಯೇ ಬಳಸಿ. ಮಕ್ಕಳಿಗೆ ಸುಮ್ನೆ ಹಾಕಬೇಡಿ.

ಕರಿಮೆಣಸಿನ ಸಾರು, ಶುಂಠಿ ಕಷಾಯ ನಾನೂ ಕುಡಿಯುತ್ತೇನೆ. ಗಂಟಲಿಗೆ ಹಿತ. ಜೇನುತುಪ್ಪ ಮಾತ್ರ ಒಂದು ವರ್ಷದೊಳಗಿನ ಮಗುವಿಗೆ ಕೊಡಬಾರದು.

ಸಿಂಬಳ ಹಳದಿ, ಹಸಿರು ಆದ ಮಾತ್ರಕ್ಕೆ ಆಂಟಿಬಯೋಟಿಕ್ ಬೇಕಿಲ್ಲ. ಹತ್ತು ದಿನವಾದರೂ ಕಡಿಮೆಯಾಗದಿದ್ದರೆ, ಅಥವಾ ಕಡಿಮೆಯಾಗಿ ಮತ್ತೆ ಜ್ವರ, ಮುಖನೋವು ಜೋರಾದರೆ ಡಾಕ್ಟರ ಹತ್ತಿರ ಹೋಗಿ. ಕಣ್ಣಿನ ಸುತ್ತ ಊತ, ದೃಷ್ಟಿ ಮಂಜು, ಕುತ್ತಿಗೆ ಬಿಗಿತ, ತಡೆಯಲಾಗದ ತಲೆನೋವು ಇದ್ದರೆ ಬೆಳಗಾಗಲಿ ಅಂತ ಕಾಯದೆ ಆಗಲೇ ಆಸ್ಪತ್ರೆಗೆ ಹೊರಡಿ.